ಸಿಟ್ಟು ಬಾರದ ದೇವರುಗಳು: ಬೆಂಗಳೂರಿನ ಕಾಲಗಳಿಗೊಂದು ಹೊಸ ಪುರಾಣ

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ ನೆರಳು ಮಾಯವಾಗುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ. ಮಧ್ಯಾಹ್ನ ಹನ್ನೆರಡೂಕಾಲು ದಾಟುತ್ತಿದ್ದ ಹಾಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ.

ಎರಡೂ ದಿನ ಸೂರ್ಯ ಇರುವ ಜಾಗ ಒಂದೇ. ಊರೂ ಒಂದೇ. ಆದರೆ ಏಪ್ರಿಲ್‌ನಲ್ಲಿ ಇಲ್ಲಿನ ಹಗಲಿನ ಬಿಸಿ ಸರಾಸರಿ 34 ಡಿಗ್ರಿ ಮುಟ್ಟುತ್ತದೆ. ಆಗಸ್ಟ್‌ನಲ್ಲಿ ಅದು 28ರ ಹತ್ತಿರ ನಿಲ್ಲುತ್ತದೆ, ಸಂಜೆಗೆ ಸ್ವೆಟರ್ ಹುಡುಕುವವರೂ ಇದ್ದಾರೆ. ಬಿಸಿಲು ಕೊಡುವವನು ಅದೇ ಎತ್ತರದಲ್ಲಿ ನಿಂತಿರುವಾಗ ಇಷ್ಟು ವ್ಯತ್ಯಾಸ ಏಕೆ?

ನಮ್ಮ ಬೀದಿಯ ಮಕ್ಕಳಿಗೆ ಇದನ್ನು ಹೇಳಲು ಹೊರಟಾಗ ನಾನೊಂದು ಪುರಾಣ ಕಟ್ಟತೊಡಗಿದೆ. ಕಾಲಗಳನ್ನು ನಡೆಸುವ ದೇವರುಗಳು, ಅವರ ಮನೆ, ಅವರ ನೆಂಟಸ್ತಿಕೆ. ಹೊಸ ದೇವರಿಗೆ ಹೆಸರಿಡುವುದು ಈ ಊರಿಗೆ ಹೊಸದೇನಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ನಾನು ಮಾತ್ರ ಒಂದು ಕಟ್ಟುಪಾಡು ಹಾಕಿಕೊಂಡೆ. ನನ್ನ ದೇವರುಗಳಲ್ಲಿ ಯಾರಿಗೂ ಸಿಟ್ಟು ಬರುವಂತಿಲ್ಲ, ಯಾರೂ ಕರುಣೆ ತೋರುವಂತಿಲ್ಲ. ಅವರಿಗೆ ಇರಬೇಕಾದ್ದು ಜಾಗ, ದೂರ, ತೂಕ, ನಡಿಗೆಯ ವೇಗ ಮತ್ತು ಸಂಬಂಧ. ಇಷ್ಟರಿಂದಲೇ ಬೇಸಿಗೆ, ಮಳೆ, ಚಳಿ ಎಲ್ಲ ಹುಟ್ಟಬೇಕು.

ಈ ಕಟ್ಟುಪಾಡು ಏಕೆ ಬೇಕು ಅಂದರೆ, ದೇವರ ಮನಸ್ಸಿನಿಂದ ಯಾವುದನ್ನು ಬೇಕಾದರೂ ವಿವರಿಸಬಹುದು. ಗ್ರೀಕರ ಕತೆಯಲ್ಲಿ ಪರ್ಸೆಫೋನಿ ವರ್ಷದ ಮೂರನೇ ಒಂದು ಪಾಲು ಪಾತಾಳದಲ್ಲಿರುತ್ತಾಳೆ. ಮಗಳಿಲ್ಲದ ದುಃಖದಲ್ಲಿ ತಾಯಿ ಡಿಮೀಟರ್ ನೆಲವನ್ನು ಬರಡು ಮಾಡುತ್ತಾಳೆ. ಕತೆ ಚೆಂದ, ನನಗೂ ಇಷ್ಟ. ಆದರೆ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಟೆಸ್ಟ್ ಪಂದ್ಯ ಶುರುವಾಗುವಾಗ ಅಲ್ಲಿ ನಡುಬೇಸಿಗೆ. ಗ್ರೀಸ್‌ನಲ್ಲಿ ಅದೇ ದಿನ ಚಳಿ. ತಾಯಿಯ ದುಃಖ ಭೂಮಿಯ ಅರ್ಧಕ್ಕೆ ಮಾತ್ರ ಏಕೆ ತಟ್ಟಿತು? ಕತೆ ಹೇಳುವವರು ಅದಕ್ಕೂ ಒಂದು ಕಾರಣ ಸೇರಿಸಬಹುದು. ಆದರೆ ಮೊದಲೇ ಊಹಿಸಿ ಹೇಳಲು ಆ ಕತೆಯಿಂದ ಆಗುವುದಿಲ್ಲ. ನನಗೆ ಬೇಕಾಗಿದ್ದು ತಪ್ಪಾದರೆ ತಪ್ಪೆಂದು ಗೊತ್ತಾಗುವಂಥ ಪುರಾಣ.

ಮೊದಲು ಮನೆಯ ಹಿರಿಯರು. ಹೊತ್ತಪ್ಪ ಬೆಳಕಿನ ದೇವರು, ಅಂದರೆ ಸೂರ್ಯ. ಅವನ ಹೆಂಡತಿ ವಾಲಮ್ಮ, ಅಂದರೆ ಭೂಮಿ. ಅವಳು ಅವನ ಸುತ್ತ ನಡೆಯುತ್ತಾಳೆ, ಆದರೆ ಮೈಯನ್ನು 23.4 ಡಿಗ್ರಿ ವಾಲಿಸಿಕೊಂಡೇ ನಡೆಯುತ್ತಾಳೆ. ವರ್ಷವಿಡೀ ಅವಳು ವಾಲಿರುವ ದಿಕ್ಕು ಬದಲಾಗುವುದಿಲ್ಲ. ಹಾಗಾಗಿ ದಾರಿಯ ಒಂದು ಕಡೆ ಅವಳ ಬಡಗಣ ಭಾಗ ಹೊತ್ತಪ್ಪನತ್ತ ಬಾಗಿರುತ್ತದೆ, ಆರು ತಿಂಗಳ ನಂತರ ತೆಂಕಣ ಭಾಗ. ಮೆಲ್ಬರ್ನ್‌ನ ಬೇಸಿಗೆಯೂ ಗ್ರೀಸಿನ ಚಳಿಯೂ ಒಂದೇ ದಿನ ಬರುವುದು ಇದರಿಂದಲೇ.

ಮಕ್ಕಳು ತಕ್ಷಣ ಕೇಳಿದ್ದು, ಗಂಡ ಹೆಂಡತಿ ಹತ್ತಿರ ಬಂದಾಗ ಸೆಕೆ, ದೂರ ಹೋದಾಗ ಚಳಿ ಅಲ್ವಾ ಅಂತ. ಹಾಗೆ ಅನ್ನಿಸುವುದು ಸಹಜ. ನಿಜವಾಗಿ ಇವರಿಬ್ಬರು ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ. ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅದು 15.2 ಕೋಟಿ. ಇಡೀ ಭೂಮಿಯ ಲೆಕ್ಕದಲ್ಲಿ ಜನವರಿಯಲ್ಲಿ ಸಿಗುವ ಬಿಸಿಲು ಜುಲೈಗಿಂತ ಸುಮಾರು 7 ಪರ್ಸೆಂಟ್ ಜಾಸ್ತಿ. ಆದರೂ ಜನವರಿಯ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಮಂಕಿ ಟೋಪಿ ಕಾಣುತ್ತದೆ. ವಾಲುವಿಕೆ ಇಲ್ಲಿ ದೂರವನ್ನು ಮೀರಿಸುತ್ತದೆ. ಡಿಸೆಂಬರ್ 21ರ ಮಧ್ಯಾಹ್ನ ಬೆಂಗಳೂರಿನ ಸೂರ್ಯ ನೆತ್ತಿಯಿಂದ 36 ಡಿಗ್ರಿ ತೆಂಕಣಕ್ಕೆ ಇಳಿದಿರುತ್ತಾನೆ. ಬೆಳಕು ಓರೆಯಾಗಿ ಬಿದ್ದು ಹರಡಿಕೊಳ್ಳುತ್ತದೆ, ಹಗಲೂ ಚಿಕ್ಕದು.

ಈ ಹೋಗಿಬರುವ ನಡಿಗೆಯಲ್ಲಿ ಸೂರ್ಯ ತುದಿಗಳನ್ನು ಬಿಟ್ಟು ಉಳಿದ ಪ್ರತಿ ಎತ್ತರವನ್ನೂ ವರ್ಷಕ್ಕೆ ಎರಡು ಸಲ ದಾಟಲೇಬೇಕು. ಗವಿಪುರದ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಅದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ನವೆಂಬರ್ ಕೊನೆಯಲ್ಲೂ ಕೆಲವು ದಿನ ಬಿಸಿಲು ಹೀಗೆಯೇ ಒಳಗೆ ಬರುತ್ತದೆ. ಸೂರ್ಯ ತೆಂಕಣಕ್ಕೆ ಹೋಗುವಾಗ ಅದೇ ಜಾಗವನ್ನು ದಾಟಿರುತ್ತಾನೆ, ಅಷ್ಟೇ. ಆಗ ಅಲ್ಲಿ ಜನಜಂಗುಳಿ ಇರುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೊತ್ತಪ್ಪ, ವಾಲಮ್ಮ ಇಬ್ಬರಿಂದಲೇ ಅದಕ್ಕೆ ಉತ್ತರ ಸಿಗುವುದಿಲ್ಲ. ಭೂಪಟದಲ್ಲಿ ಮಂಗಳೂರು, ಬೆಂಗಳೂರು, ಚೆನ್ನೈ ನೋಡಿ. ಮೂರೂ ಹತ್ತಿರ ಹತ್ತಿರ 13 ಡಿಗ್ರಿ ಅಕ್ಷಾಂಶದಲ್ಲಿವೆ. ಮೂರೂ ಊರಿಗೆ ಸೂರ್ಯ ಹೆಚ್ಚುಕಡಿಮೆ ಒಂದೇ ದಿನ ನೆತ್ತಿಗೆ ಬರುತ್ತಾನೆ, ಹಗಲಿನ ಉದ್ದವೂ ಒಂದೇ. ಆದರೆ ಮಂಗಳೂರಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗೆ. ಚೆನ್ನೈಗೆ ಸುಮಾರು 1400, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬೆಂಗಳೂರಿಗೆ 1000ಕ್ಕೂ ತುಸು ಕಮ್ಮಿ, ಮೇ ತಿಂಗಳಲ್ಲಿ ಒಂದು ಏರು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ದೊಡ್ಡ ಏರು. ಒಂದೇ ಅಪ್ಪ ಅಮ್ಮ, ಮೂರು ಬೇರೆ ಪಂಚಾಂಗ. ನನಗಂತೂ ಇಡೀ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿಲ್ಲ. ಪಾಠದಲ್ಲಿ ಭೂಮಿಯ ವಾಲುವಿಕೆ ಹೇಳಿ ನಿಲ್ಲಿಸಿದರೆ ಈ ಮೂರು ಊರಿನ ಮಕ್ಕಳಿಗೆ ತಮ್ಮ ಮಳೆಗಾಲ ಅರ್ಥವಾಗುವುದೇ ಇಲ್ಲ.

ಆದ್ದರಿಂದ ಹೆಣ್ಣುಮಕ್ಕಳು ಬೇಕು. ಹಿರಿಯಳು ಪಡುವಕ್ಕ, ಅರಬ್ಬಿ ಸಮುದ್ರ. ನಡುವಿನವಳು ಮೂಡಕ್ಕ, ಬಂಗಾಳ ಕೊಲ್ಲಿ. ಕಿರಿಯಳು ದಿಬ್ಬಮ್ಮ, ನಾವು ಕೂತಿರುವ ಈ ಎತ್ತರದ ನೆಲ. ಅಕ್ಕಂದಿರದ್ದು ನಿಧಾನದ ಸ್ವಭಾವ. ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಅಷ್ಟೇ ತೂಕದ ಒಣಮಣ್ಣಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಶಾಖ ಬೇಕು. ಅಲೆಗಳು ಆ ಶಾಖವನ್ನು ಆಳಕ್ಕೂ ಕಲಸುತ್ತವೆ. ಹಾಗಾಗಿ ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ತಾರಸಿ ಹತ್ತಿ, ಆಮೇಲೆ ಸಂಪಿನ ನೀರಿಗೆ ಕೈ ಹಾಕಿ ನೋಡಿ, ಅಕ್ಕ ತಂಗಿಯರ ಸ್ವಭಾವ ತಿಳಿಯುತ್ತದೆ.

ಇವರ ನಡುವೆ ಓಡಾಡುವ ಅಣ್ಣ ಬೀಸಣ್ಣ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರಿದಾಗ ಕಡಲಿನ ಕಡೆಯಿಂದ ಅವನು ತೇವ ಹೊತ್ತು ಬರುತ್ತಾನೆ. ಮುಂಗಾರಿಗೆ ಇಂಥದೊಂದು ಕಾರಣವನ್ನು 1686ರಲ್ಲೇ ಎಡ್ಮಂಡ್ ಹ್ಯಾಲಿ ಬರೆದಿದ್ದ, ಧೂಮಕೇತುವಿಗೆ ಹೆಸರು ಕೊಟ್ಟ ಅದೇ ಹ್ಯಾಲಿ. ಈಗಿನ ತಿಳಿವಳಿಕೆ ಇನ್ನೂ ಹಿಗ್ಗಿದೆ. ಭೂಮಿಯ ನಡುಭಾಗದ ಸುತ್ತ, ಸಮಭಾಜಕದ ಆಸುಪಾಸಿನಲ್ಲಿ, ಮಳೆಮೋಡಗಳ ಒಂದು ಪಟ್ಟಿ ಇದೆ. ಅದು ಸೂರ್ಯನ ಹಿಂದೆಯೇ, ತುಸು ತಡವಾಗಿ, ಬಡಗಣಕ್ಕೆ ಹೋಗಿ ಮರಳುತ್ತದೆ. ತೆಂಕಣ ಗೋಲದಿಂದ ಹೊರಟ ಗಾಳಿ ಸಮಭಾಜಕ ದಾಟಿದ ಮೇಲೆ ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಹೊರಳುತ್ತದೆ. ಹಾಗೆ ನೈಋತ್ಯದಿಂದ ಬೀಸುತ್ತಾ ಜೂನ್ 1ರ ಸುಮಾರಿಗೆ ಕೇರಳ ಮುಟ್ಟುತ್ತದೆ. ಕೆಲವೇ ದಿನಗಳಲ್ಲಿ ನಮ್ಮಲ್ಲಿಗೂ ಬರುತ್ತದೆ.

ಆದರೆ ದಾರಿಯಲ್ಲಿ ಘಟ್ಟಪ್ಪ ಇದ್ದಾನಲ್ಲ. ಪಡುವಕ್ಕನ ಗಂಡ, ಪಶ್ಚಿಮ ಘಟ್ಟ. ಹೆಂಡತಿ ತಂಗಿಗೆಂದು ಕಳಿಸಿದ್ದರಲ್ಲಿ ಬಹುಪಾಲು ಅವನ ಮನೆಯಲ್ಲೇ ಇಳಿದುಬಿಡುತ್ತದೆ. ತೇವದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಸಿಗುವುದು ಹೀಗೆ. ಈಚೆ ಬದಿಗೆ ಇಳಿಯುವ ಗಾಳಿ ಮತ್ತೆ ಬೆಚ್ಚಗಾಗಿ ಒಣಗುತ್ತದೆ. ಜುಲೈನಲ್ಲಿ ಬೆಂಗಳೂರಿಗೆ ಬರುವ ಬೀಸಣ್ಣ ಮೋಡ ತರುತ್ತಾನೆ, ರಭಸ ತರುತ್ತಾನೆ, ನೀರು ಮಾತ್ರ ತುಂತುರು. ನಾವು ಆಷಾಢದ ಗಾಳಿ ಅನ್ನುವುದು ಇದನ್ನೇ. ಆಗಸ್ಟ್ 18ರ ಒಗಟು ಬಿಡಿಸಿದ್ದು ಇಲ್ಲೇ. ಸೂರ್ಯ ನೆತ್ತಿಯಲ್ಲೇ ಇದ್ದಾನೆ, ಆದರೆ ಮೋಡ ಅವನ ಬೆಳಕಿನ ದೊಡ್ಡ ಪಾಲನ್ನು ಮೇಲಕ್ಕೇ ತಿರುಗಿಸಿ ಕಳಿಸುತ್ತದೆ. ಒದ್ದೆ ನೆಲಕ್ಕೆ ಸಿಕ್ಕ ಬಿಸಿಲಿನಲ್ಲೂ ಒಂದಷ್ಟು ನೀರು ಆವಿಯಾಗುವುದಕ್ಕೇ ಖರ್ಚಾಗುತ್ತದೆ.

ಭಾದ್ರಪದದಲ್ಲಿ ಅಣ್ಣ ತಂಗಿಗೆ ಗೌರಿ ಬಾಗಿನ ತರುವ ಹೊತ್ತಿಗೆ ನಮ್ಮೂರಿನ ದೊಡ್ಡ ಮಳೆಯೂ ಶುರುವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಮುಂಗಾರಿನ ಗಾಳಿ ಸಡಿಲವಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು ಸಂಜೆ ಗುಡುಗುಮಳೆ ಕಟ್ಟುತ್ತದೆ. ಮಳೆಯ ಪಟ್ಟಿ ಹಿಂದಿರುಗುವ ದಾರಿಯಲ್ಲಿ ಗಾಳಿ ಈಶಾನ್ಯಕ್ಕೆ ಹೊರಳಿದ ಮೇಲೆ ಮೂಡಕ್ಕನ ಸರದಿ. ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಬೆಂಗಳೂರು ದಿನವಿಡೀ ನೆನೆಯುತ್ತದೆ. ಮಂಗಳೂರಿಗೆ ಮುಖ್ಯವಾಗಿ ಹಿರಿಯಕ್ಕ, ಚೆನ್ನೈಗೆ ಮುಖ್ಯವಾಗಿ ನಡುವಿನಕ್ಕ. ದಿಬ್ಬಮ್ಮನಿಗೆ ಇಬ್ಬರಿಂದಲೂ ಪಾಲು ಬರುತ್ತದೆ, ಆದರೆ ಯಾರದ್ದೂ ಪೂರ್ತಿ ಬರುವುದಿಲ್ಲ. ಕೆರೆಗಳಿಲ್ಲದೆ ಈ ಊರು ಬೆಳೆಯಲು ಆಗುತ್ತಿರಲಿಲ್ಲ ಎನ್ನುವುದು ಇದರಿಂದಲೇ ತಿಳಿಯುತ್ತದೆ.

ದಿಬ್ಬಮ್ಮನ ಎತ್ತರ ಸುಮಾರು 920 ಮೀಟರ್. ಕಿಲೋಮೀಟರ್ ಏರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ನಮ್ಮ ಬೇಸಿಗೆ ಚೆನ್ನೈಗಿಂತ ತಾಳಿಕೊಳ್ಳುವಂತಿದ್ದರೆ ಅದಕ್ಕೆ ಮೊದಲ ಕಾರಣ ಈ ಎತ್ತರ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾದಾಗ ಎತ್ತರವೂ ಸಾಲಲಿಲ್ಲ.

ಹೊತ್ತಪ್ಪನ ಲೆಕ್ಕವನ್ನು ಇಲ್ಲಿ ಅತಿ ಸೂಕ್ಷ್ಮವಾಗಿ ಹಿಡಿಯುವುದು ಅವರೆ ಗಿಡ. ಬೆಂಗಳೂರಿನ ಅತಿ ಉದ್ದದ ಹಗಲು 12 ಗಂಟೆ 53 ನಿಮಿಷದ ಸುಮಾರು, ಅತಿ ಚಿಕ್ಕದು 11 ಗಂಟೆ 22 ನಿಮಿಷ. ಒಂದೂವರೆ ಗಂಟೆಯ ಈ ವ್ಯತ್ಯಾಸ ನಮಗೆ ಅಷ್ಟಾಗಿ ತಿಳಿಯುವುದೂ ಇಲ್ಲ. ನಾಟಿ ಅವರೆಗೆ ತಿಳಿಯುತ್ತದೆ. ಹಗಲು ಕುಗ್ಗಿದ ಮೇಲೆಯೇ ಅದು ಹೂ ಬಿಡುತ್ತದೆ, ಹಾಗಾಗಿ ಸೊಗಡಿನ ಅವರೆಕಾಯಿ ಡಿಸೆಂಬರ್–ಜನವರಿಗೇ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟಿತು. ಅದರಿಂದ ಈಗ ಬೇರೆ ತಿಂಗಳಲ್ಲೂ ಅವರೆ ಸಿಗುತ್ತದೆ. ತಿನ್ನುವವರು ಚಳಿಯ ಸೊಗಡೇ ಬೇರೆ ಅನ್ನುತ್ತಾರೆ, ನಾನೂ ಅವರ ಜೊತೆಯೇ.

ಪುರಾಣ ಅಂದ ಮೇಲೆ ಒಬ್ಬ ತೀರಾ ಹಳಬ ಬೇಕು. ಜರುಗಜ್ಜ, ಅಂದರೆ ತೀರಾ ನಿಧಾನವಾದ ಒಂದು ಜರುಗುವಿಕೆ. ವಾಲಮ್ಮ ವಾಲುವ ದಿಕ್ಕು ವರ್ಷದಲ್ಲಿ ಬದಲಾಗುವುದಿಲ್ಲ ಎಂದೆನಲ್ಲ, ಸಾವಿರಾರು ವರ್ಷಗಳಲ್ಲಿ ಬದಲಾಗುತ್ತದೆ. ಸುಮಾರು 26,000 ವರ್ಷಕ್ಕೆ ಅದು ಒಂದು ಸುತ್ತು ಹಾಕುತ್ತದೆ. ಅದರಿಂದ ನಕ್ಷತ್ರಗಳ ಪಂಚಾಂಗ ಕಾಲಗಳಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಸೂರ್ಯ ಬಡಗಣಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ, ನಾವು ಸಂಕ್ರಾಂತಿ ಮಾಡುವುದು ಜನವರಿ 14–15ಕ್ಕೆ. ಎರಡೂ ಕೂಡಿದ್ದು ಸುಮಾರು 1700 ವರ್ಷಗಳ ಹಿಂದೆ.

ನಮ್ಮ ರೈತರ ಮಳೆ ಲೆಕ್ಕವೂ ನಕ್ಷತ್ರದ್ದೇ. ಸೂರ್ಯ ಒಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನ ಆ ಹೆಸರಿನ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತೇವೆ. ಅದು ಈಗ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ, ಬೆಂಗಳೂರಿನಲ್ಲಿ ಗುಡುಗು ಆಲಿಕಲ್ಲಿನ ಸಮಯ. ಹೆಚ್ಚುಕಡಿಮೆ 950 ವರ್ಷ ಕಳೆದರೆ ಆ ದಿನಗಳಲ್ಲಿ ಸೂರ್ಯ ಅಶ್ವಿನಿಯಲ್ಲಿರುತ್ತಾನೆ. ಮಳೆ ಅದೇ ದಿನಗಳಲ್ಲಿ ಬಂದರೂ ಹೆಸರು ಬದಲಾಗಿರುತ್ತದೆ, ಗಾದೆಯನ್ನೂ ತಿದ್ದಬೇಕಾಗುತ್ತದೆ.

ಇಷ್ಟಾದರೂ ಒಂದು ವರ್ಷ ಮಳೆ ಚೆನ್ನಾಗಿ, ಮರುವರ್ಷ ಕೈಕೊಡುವುದು ಏಕೆ? ಇಲ್ಲೇ ಸಿಟ್ಟಿನ ದೇವರನ್ನು ಕರೆಯುವ ಆಸೆ ಬರುವುದು. ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾದ. ಬರಗಾಲದ ಮುನ್ಸೂಚನೆ ಹುಡುಕುತ್ತಾ ಅವನು ಜಗತ್ತಿನ ದೂರದೂರದ ಊರುಗಳ ಗಾಳಿಯ ಒತ್ತಡದ ಅಂಕಿಗಳನ್ನು ಒಂದಕ್ಕೊಂದು ತಾಳೆ ನೋಡಿದ. ಪೆಸಿಫಿಕ್‌ನ ಕಡೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಹೀಗೆ ನನ್ನ ಪುರಾಣಕ್ಕೆ ಪೆಸಿಫಿಕ್‌ನ ದೂರದತ್ತೆ ಬಂದಳು. ಅವಳ ನೀರು ವಾಡಿಕೆಗಿಂತ ಬೆಚ್ಚಗಾದ ಎಲ್ ನಿನೊ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವುದು ಜಾಸ್ತಿ.

ಜಾಸ್ತಿ, ಆದರೆ ಯಾವಾಗಲೂ ಅಲ್ಲ. 1997ರಲ್ಲಿ ಎಲ್ ನಿನೊ ಬಹಳ ಬಲವಾಗಿತ್ತು. ಆದರೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು. 1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಯೊಬ್ಬರೂ ಸೇರಿದ್ದ ತಂಡವೊಂದು ಹಿಂದೂ ಮಹಾಸಾಗರದೊಳಗೇ ಇನ್ನೊಂದು ಸಂಬಂಧ ಇರುವುದನ್ನು ತೋರಿಸಿತು. ಕೆಲವು ವರ್ಷ ಆಫ್ರಿಕಾ ಕಡೆಯ ನೀರು ಬೆಚ್ಚಗಾಗಿ ಸುಮಾತ್ರಾ ಕಡೆಯ ನೀರು ತಣ್ಣಗಾಗುತ್ತದೆ, ಇನ್ನು ಕೆಲವು ವರ್ಷ ಅದರ ತಿರುವುಮುರುವು. 1997ರಲ್ಲಿ ಈ ಜೋಡಿ ತನ್ನ ಮೊದಲ ರೂಪದಲ್ಲಿ, ತುಂಬ ಬಲವಾಗಿ ಇತ್ತು. ದೂರದತ್ತೆಯ ಹಿಡಿತವನ್ನು ಸಡಿಲಿಸಿದ್ದರಲ್ಲಿ ಇದರ ಪಾಲು ದೊಡ್ಡದು ಎಂದು ಅನೇಕ ವಿಜ್ಞಾನಿಗಳು ಹೇಳುತ್ತಾರೆ. ಮಕ್ಕಳು ಈ ಜೋಡಿಗೆ ಇನ್ನೂ ಹೆಸರಿಟ್ಟಿಲ್ಲ. ಅವಳಿಗಳು ಅನ್ನುವವರು ಒಂದು ಕಡೆ, ಸವತಿಯರು ಅನ್ನುವವರು ಇನ್ನೊಂದು ಕಡೆ.