ಟ್ರ್ಯಾಕ್ಷನ್ ಫೋರ್ಸ್ ಮೈಕ್ರೋಸ್ಕೋಪಿ: ಕಾಣುವುದು ಸ್ಥಾನಪಲ್ಲಟ, ಬಲವಲ್ಲ

ಜೀವಕೋಶವೊಂದರ ಸುತ್ತ ಕೆಂಪು, ಹಳದಿ, ನೀಲಿ ಬಣ್ಣಗಳು ಹರಡಿರುವ ಚಿತ್ರವನ್ನು ಹಾಕಿ, ಕೆಳಗೆ ‘ಸೂಕ್ಷ್ಮದರ್ಶಕದಲ್ಲಿ ಸೆರೆಯಾದ ಕೋಶದ ಬಲ’ ಎಂದು ಬರೆಯುವುದು ವಿಜ್ಞಾನ ಬರಹಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ಕೋಶ ತಾನು ಅಂಟಿಕೊಂಡ ಮೇಲ್ಮೈಯನ್ನು ಎಷ್ಟು ಎಳೆಯುತ್ತದೆ ಎಂದು ತಿಳಿಯುವ ಟ್ರ್ಯಾಕ್ಷನ್ ಫೋರ್ಸ್ ಮೈಕ್ರೋಸ್ಕೋಪಿ ವಿಧಾನದ ಹೆಸರಿನಲ್ಲಿಯೇ ‘ಫೋರ್ಸ್’ (ಬಲ) ಇರುವುದರಿಂದ ಈ ತಪ್ಪು ಸಹಜವೆನಿಸಬಹುದು. ಆದರೆ ಇದು ಸಣ್ಣ ತಪ್ಪಲ್ಲ. ಈ ವಿಧಾನದಲ್ಲಿ ಸೂಕ್ಷ್ಮದರ್ಶಕ ನೋಡುವುದು ಸ್ಥಾನಪಲ್ಲಟವನ್ನು ಮಾತ್ರ. ಬಲ ಅನಂತರದ ಲೆಕ್ಕಾಚಾರದಿಂದ ಬರುವಂಥದ್ದು.

ಪ್ರಯೋಗದ ಕ್ರಮ ಸರಳ. ಪಾಲಿಅಕ್ರಿಲಮೈಡ್‌ನಂಥ ಮೃದುವಾದ ಜೆಲ್‌ನಲ್ಲಿ ಸುಮಾರು 0.2 ಮೈಕ್ರೋಮೀಟರ್ ವ್ಯಾಸದ ಪ್ರತಿದೀಪ್ತ (ಬೆಳಕು ಬಿದ್ದಾಗ ಹೊಳೆಯುವ) ಮಣಿಗಳನ್ನು ಹುದುಗಿಸಿ, ಮೇಲೆ ಕೋಶಗಳನ್ನು ಬೆಳೆಸುತ್ತಾರೆ. ಕೋಶ ಅಂಟಿಕೊಂಡಿರುವಾಗ ಒಂದು ಚಿತ್ರ, ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಅದನ್ನು ಬಿಡಿಸಿದ ಮೇಲೆ ಇನ್ನೊಂದು ಚಿತ್ರ ತೆಗೆದು, ಎರಡರ ನಡುವೆ ಪ್ರತಿ ಮಣಿಯೂ ಎಷ್ಟು, ಯಾವ ಕಡೆಗೆ ಸರಿದಿದೆ ಎಂದು ಅಳೆಯುತ್ತಾರೆ. ಅಳತೆ ಇಲ್ಲಿಗೆ ಮುಗಿಯಿತು.

ಸ್ಥಾನಪಲ್ಲಟದ ನಕ್ಷೆಯನ್ನೇ ಬಲದ ನಕ್ಷೆ ಎಂದು ಏಕೆ ಓದಬಾರದು ಎಂಬುದಕ್ಕೆ ಕೋಶದ ಅಂಚಿನಿಂದ ಆಚೆಗಿರುವ ಮಣಿಗಳೇ ಸಾಕ್ಷಿ. ಆ ಮಣಿಗಳ ಮೇಲೆ ಕೋಶವೇ ಇಲ್ಲ, ಅಲ್ಲಿ ಜೆಲ್‌ನ ಮೇಲ್ಮೈಯನ್ನು ಯಾರೂ ಎಳೆಯುತ್ತಿಲ್ಲ. ಆದರೂ ಅವು ಸರಿದಿರುತ್ತವೆ, ಏಕೆಂದರೆ ಸ್ಥಿತಿಸ್ಥಾಪಕ ವಸ್ತುವಿನ ಒಂದು ಬಿಂದುವನ್ನು ಎಳೆದರೆ ಅದರ ಪ್ರಭಾವ ಸುತ್ತಲೂ ಹರಡಿ, ದೂರ ಹೆಚ್ಚಿದಂತೆ ನಿಧಾನವಾಗಿ ಕ್ಷೀಣಿಸುತ್ತದೆ. ಅಲ್ಲದೆ, 1 ಕಿಲೋಪ್ಯಾಸ್ಕಲ್ ಯಂಗ್ ಗುಣಾಂಕದ (ವಸ್ತುವಿನ ಬಿಗಿತದ ಅಳತೆ) ಜೆಲ್‌ನಲ್ಲಿಯೂ 10 ಕಿಲೋಪ್ಯಾಸ್ಕಲ್‌ನ ಜೆಲ್‌ನಲ್ಲಿಯೂ ಒಂದೇ ಬಗೆಯ ಸ್ಥಾನಪಲ್ಲಟ ಕಂಡುಬಂದರೆ, ಎರಡನೆಯದರಲ್ಲಿ ಕೋಶ ಹತ್ತು ಪಟ್ಟು ಹೆಚ್ಚು ಜೋರಿನಿಂದ ಎಳೆದಿದೆ ಎಂದರ್ಥ. ಜೆಲ್‌ನ ಗುಣಾಂಕವನ್ನು ನಮೂದಿಸದ ಬಣ್ಣದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ‘ಈ ಕೋಶ ಹೆಚ್ಚು ಬಲಶಾಲಿ’ ಎಂದು ತೀರ್ಮಾನಿಸುವುದಕ್ಕೆ ಆಧಾರವೇ ಇಲ್ಲ.

ಸ್ಥಾನಪಲ್ಲಟದಿಂದ ಟ್ರ್ಯಾಕ್ಷನ್‌ಗೆ, ಅಂದರೆ ಮೇಲ್ಮೈಯ ಏಕಮಾನ ವಿಸ್ತೀರ್ಣದ ಮೇಲೆ ಕೋಶ ಹಾಕುವ ಬಲಕ್ಕೆ, ಹಿಂದಿರುಗಿ ಹೋಗುವುದು ವಿಲೋಮ ಸಮಸ್ಯೆ, ಅಂದರೆ ಪರಿಣಾಮದಿಂದ ಕಾರಣವನ್ನು ಲೆಕ್ಕಹಾಕುವ ಸಮಸ್ಯೆ. ಮಣಿಯ ಸ್ಥಾನ ಗುರುತಿಸುವಲ್ಲಿ ಆಗುವ ಅಲ್ಪ ದೋಷವೂ ಈ ಲೆಕ್ಕದಲ್ಲಿ ಹಿಗ್ಗಿ ಇಲ್ಲದ ಬಲಗಳನ್ನು ತೋರಿಸುತ್ತದೆ. ಅದನ್ನು ತಡೆಯಲು ಫಲಿತಾಂಶವನ್ನು ನಯಗೊಳಿಸುತ್ತಾರೆ. ಅತಿಯಾಗಿ ನಯಗೊಳಿಸಿದರೆ, ಕೋಶ ನಿಜವಾಗಿ ಹಿಡಿದುಕೊಂಡಿರುವ ಸಣ್ಣ ಅಂಟುತಾಣಗಳ ತೀವ್ರ ಎಳೆತವೂ ಅಳಿಸಿಹೋಗುತ್ತದೆ. ಹೀಗಾಗಿ ಚಿತ್ರದ ಗಾಢ ಕೆಂಪಿನಲ್ಲಿ ಸಂಶೋಧಕರ ಆಯ್ಕೆಯ ಪಾಲೂ ಇದೆ. ಟ್ರ್ಯಾಕ್ಷನ್‌ನ ಏಕಮಾನವೂ ಪ್ಯಾಸ್ಕಲ್ ಎಂಬ ಕಾರಣಕ್ಕೆ ಅದನ್ನು ‘ಕೋಶದ ಒತ್ತಡ’ ಎನ್ನುವವರಿದ್ದಾರೆ. ಒತ್ತಡ ಮೇಲ್ಮೈಗೆ ಲಂಬವಾಗಿ ತಳ್ಳುತ್ತದೆ. ಚಪ್ಪಟೆಯಾಗಿ ಹರಡಿದ ಕೋಶವಾದರೋ ಮುಖ್ಯವಾಗಿ ಮೇಲ್ಮೈಯುದ್ದಕ್ಕೂ, ಅಂಚಿನಿಂದ ಒಳಮುಖವಾಗಿ, ಎಳೆಯುತ್ತದೆ.

1980ರಲ್ಲಿ ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು ತೆಳುವಾದ ಸಿಲಿಕೋನ್ ರಬ್ಬರ್ ಪೊರೆಯ ಮೇಲೆ, ಸಂಯೋಜಕ ಅಂಗಾಂಶದ ಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳು ಎಬ್ಬಿಸಿದ ಸುಕ್ಕುಗಳನ್ನು ತೋರಿಸಿದಾಗ ಕೋಶ ಎಳೆಯುತ್ತದೆ ಎಂಬುದು ಕಣ್ಣಿಗೆ ಕಂಡಿತು, ಆದರೆ ಸುಕ್ಕುಗಳಿಂದ ನಿಖರವಾದ ಲೆಕ್ಕ ಕಷ್ಟವಾಗಿತ್ತು. 1999ರಲ್ಲಿ ಡೆಂಬೊ ಮತ್ತು ವಾಂಗ್ ಸುಕ್ಕುಗಟ್ಟದ ಪಾಲಿಅಕ್ರಿಲಮೈಡ್ ಜೆಲ್‌ನ ಮೇಲೆ ಚಲಿಸುವ ಫೈಬ್ರೊಬ್ಲಾಸ್ಟ್‌ಗಳ ಟ್ರ್ಯಾಕ್ಷನ್ ಲೆಕ್ಕಹಾಕಿದರು. ವಿಲೋಮ ಸಮಸ್ಯೆಯನ್ನೇ ಬದಿಗಿರಿಸುವ ದಾರಿಯೂ ಇದೆ: ಸೂಕ್ಷ್ಮ ಕಂಬಗಳ ಸಾಲುಗಳ ಮೇಲೆ ಕೋಶವನ್ನು ಬೆಳೆಸಿದರೆ ಪ್ರತಿ ಕಂಬವೂ ತನ್ನಷ್ಟಕ್ಕೆ ಬಾಗುತ್ತದೆ, ಪಕ್ಕದ್ದನ್ನು ಹೆಚ್ಚುಕಡಿಮೆ ಅಲುಗಿಸುವುದಿಲ್ಲ. ಆಗ ಬಾಗುವಿಕೆಯನ್ನು ಕಂಬದ ಬಿಗಿತದಿಂದ ಗುಣಿಸಿದರೆ ಬಲ ನ್ಯಾನೊನ್ಯೂಟನ್‌ಗಳಲ್ಲಿಯೇ ದೊರೆಯುತ್ತದೆ. ಆದರೆ ಕೋಶಕ್ಕೆ ಸಿಗುವುದು ಅವಿಚ್ಛಿನ್ನ ಮೇಲ್ಮೈಯಲ್ಲ, ಬಿಡಿಬಿಡಿಯಾದ ಕಂಬಗಳ ತುದಿ ಮಾತ್ರ.

ಸೂಕ್ಷ್ಮ ಮೊನೆಯಿಂದ ಮೇಲ್ಮೈಯನ್ನು ತಡವಿ ಅಳೆಯುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿಯನ್ನು ಇದರ ಪರ್ಯಾಯವೆಂದು ಹೇಳುವುದಂತೂ ತೀರಾ ಅಸಡ್ಡೆ. ಜೀವಕೋಶಗಳ ಅಧ್ಯಯನದಲ್ಲಿ ಅದನ್ನು ಹೆಚ್ಚಾಗಿ ಬಳಸುವುದು ಹೊರಗಿನಿಂದ ಕೋಶವನ್ನು ಒತ್ತಿ, ಅದು ಎಷ್ಟು ಗಟ್ಟಿ ಎಂದು ತಿಳಿಯಲು.

ಅಂಗಾಂಶಗಳಲ್ಲಿರುವ ನಾರಿನಂಥ ಪ್ರೋಟೀನ್ ಆದ ಕೊಲಾಜೆನ್ ಜಾಲದೊಳಗೆ ಮೂರು ಆಯಾಮಗಳಲ್ಲಿ ಹುದುಗಿರುವ ಕೋಶಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೊಲಾಜೆನ್ ನಾರುಗಳು ಎಳೆದಷ್ಟೂ ಬಿಗಿಯಾಗುತ್ತವೆ. ಕೋಶಗಳು ಅವುಗಳನ್ನು ಕತ್ತರಿಸುತ್ತವೆ, ಹೊಸದಾಗಿ ಕಟ್ಟುತ್ತವೆ. ಕೋಶದ ಸಂಕೋಚನವನ್ನು ಔಷಧಿಯಿಂದ ನಿಲ್ಲಿಸಿದರೂ ಜಾಲ ಮೊದಲಿನ ಸ್ಥಿತಿಗೆ ಪೂರ್ತಿಯಾಗಿ ಮರಳದೆ ಇರಬಹುದು. ವಸ್ತುವಿನ ಗುಣವೇ ಜಾಗದಿಂದ ಜಾಗಕ್ಕೆ, ಗಂಟೆಯಿಂದ ಗಂಟೆಗೆ ಬದಲಾಗುವಾಗ, ಬಲದ ಲೆಕ್ಕಕ್ಕೆ ಕೈಹಾಕದೆ ಸ್ಥಾನಪಲ್ಲಟವನ್ನಷ್ಟೇ ಮೈಕ್ರೋಮೀಟರ್‌ಗಳಲ್ಲಿ ವರದಿ ಮಾಡುವ ಸಂಶೋಧಕರು ಸರಿಯಾದುದನ್ನೇ ಮಾಡುತ್ತಿದ್ದಾರೆ. ಅಂಥ ಚಿತ್ರದ ಅಡಿಬರಹದಲ್ಲಿಯೂ ಸ್ಥಾನಪಲ್ಲಟ ಎಂದೇ ಇರಬೇಕು.