ಅನುದಾನದ ಲೆಕ್ಕ ಸಿಗುತ್ತದೆ, ವಿಭಾಗದ ಲೆಕ್ಕ ಸಿಗುವುದಿಲ್ಲ

ಒಂದು ಎಂ.ಎಸ್ಸಿ. ಸೀಟಿಗೆ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತದೆ? ಶುಲ್ಕ ಏರಿಸುವ ಕಡತ ಹಣಕಾಸು ಸಮಿತಿಯ ಮುಂದೆ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಯಿದು. ಪಾವತಿಗಳೆಲ್ಲ ಆನ್‌ಲೈನ್ ಆದ ಮೇಲೂ ಅನೇಕ ಸರ್ಕಾರಿ ವಿವಿಗಳಲ್ಲಿ ಇದಕ್ಕೆ ನಂಬುವಂಥ ಉತ್ತರ ಸಿಗುವುದಿಲ್ಲ. ನಮ್ಮ ಡಿಜಿಟಲ್ ಲೆಕ್ಕ ವ್ಯವಸ್ಥೆ ಬೆಳೆದದ್ದೇ ಹಣ ಕೊಡುವವರಿಗೆ ಲೆಕ್ಕ ಒಪ್ಪಿಸಲು.

ಹಳೆಯ ನಗದು ಪುಸ್ತಕದಲ್ಲಿ ಬಂದದ್ದು ಜಮೆ, ಹೋದದ್ದು ಖರ್ಚು. ಕಟ್ಟಡದ ಸವಕಳಿಯಾಗಲಿ ಮುಂದೆ ಕೊಡಬೇಕಾದ ಪಿಂಚಣಿಯಾಗಲಿ ಅಲ್ಲಿ ಕಾಣುತ್ತಿರಲಿಲ್ಲ. 2015ರಲ್ಲಿ ಮಾನವ ಸಂಪನ್ಮೂಲ ಸಚಿವಾಲಯ ಕೇಂದ್ರದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಹೊಸ ಲೆಕ್ಕ ನಮೂನೆ ಕೊಟ್ಟಿತು. ಸವಕಳಿ, ಪಿಂಚಣಿ ಹೊಣೆ ಎರಡನ್ನೂ ಆಸ್ತಿ-ಹೊಣೆ ಪಟ್ಟಿಗೆ ತರಬೇಕಾಯಿತು.

ಪಿಎಫ್‌ಎಂಎಸ್ ಎಂಬ ಕೇಂದ್ರದ ಸಾರ್ವಜನಿಕ ಹಣಕಾಸು ನಿರ್ವಹಣಾ ವ್ಯವಸ್ಥೆ ಬಂದದ್ದು ಬೇರೆ ದಾರಿಯಲ್ಲಿ. 2008-09ರಲ್ಲಿ ಕೇಂದ್ರದ ಯೋಜನಾ ಹಣದ ಜಾಡು ಹಿಡಿಯಲು ಶುರುವಾದ ವ್ಯವಸ್ಥೆ ಅದು. ಅನುದಾನ ಅಲ್ಲಿ ಮೂರು ಶೀರ್ಷಿಕೆಗಳಲ್ಲಿ ಬರುತ್ತದೆ: ಸಂಬಳಕ್ಕೆ ಶೀರ್ಷಿಕೆ ಸಂಖ್ಯೆ 36, ಸಾಮಾನ್ಯ ಖರ್ಚಿಗೆ 31, ಆಸ್ತಿ ನಿರ್ಮಾಣಕ್ಕೆ 35. ಸಂಸ್ಥೆಯನ್ನು ನೋಂದಾಯಿಸಿ, ಯೋಜನೆಗೆ ಜೋಡಿಸಿ, ಹಣ ಪಡೆಯುವವರ ಬ್ಯಾಂಕ್ ವಿವರ ಸೇರಿಸಬೇಕು. ಒಬ್ಬರು ಬಿಲ್ ನಮೂದಿಸಬೇಕು, ಇನ್ನೊಬ್ಬರು ಒಪ್ಪಬೇಕು, ಕೊನೆಗೆ ಡಿಜಿಟಲ್ ಸಹಿ.

ಎಡವುವುದು ಸಣ್ಣ ಕಡೆಗಳಲ್ಲಿ. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾಗಿ 2021ರಲ್ಲಿ ಅವುಗಳ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು ಸತ್ತವು. ಕರ್ನಾಟಕದಲ್ಲಿ ಈ ಬ್ಯಾಂಕುಗಳ ಖಾತೆದಾರರು ಎಷ್ಟೆಂದು ಹೇಳಬೇಕಿಲ್ಲ. ಕೋಡ್ ಬದಲಿಸದ ಖಾತೆಗೆ ಹಣ ಹೋಗದು. ಇದಕ್ಕಿಂತ ದೊಡ್ಡ ತಪ್ಪು ಮುಂಗಡದ್ದು. ವಿಭಾಗಕ್ಕೆ ಕೊಟ್ಟ ಮುಂಗಡವನ್ನೇ ಖರ್ಚೆಂದು ಬರೆದರೆ ಹಣ ಬಳಕೆ ಪ್ರಮಾಣಪತ್ರಕ್ಕೂ ವೋಚರಿಗೂ ತಾಳೆಯಾಗುವುದಿಲ್ಲ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲೊಮ್ಮೆ, ಪಿಎಫ್‌ಎಂಎಸ್‌ನಲ್ಲೊಮ್ಮೆ ಕೈಯಿಂದ ನಮೂದಿಸುವ ಕಚೇರಿಯಲ್ಲಿ ತಿಂಗಳಿಗೊಮ್ಮೆಯಾದರೂ ಎರಡನ್ನೂ ತಾಳೆ ಹಾಕಲೇಬೇಕು. ಮಾರ್ಚ್‌ವರೆಗೆ ಬಿಟ್ಟರೆ ತಪ್ಪಿನ ಮೂಲ ಹುಡುಕಲಾಗದು.

2017ರ ಸಾಮಾನ್ಯ ಹಣಕಾಸು ನಿಯಮಗಳು ಅನುದಾನದ ಮೇಲಿನ ಬಡ್ಡಿಯನ್ನೂ ಕೇಂದ್ರದ ಸಂಚಿತ ನಿಧಿಗೆ ಮರಳಿಸಬೇಕೆಂದವು. ನಂತರ ಬಂದ ಏಕ ಖಜಾನೆ ಖಾತೆ ಪದ್ಧತಿಯಲ್ಲಿ ಹಣ ಸಂಸ್ಥೆಯ ಬ್ಯಾಂಕಿಗೆ ಬರುವುದೇ ಇಲ್ಲ. ರಿಸರ್ವ್ ಬ್ಯಾಂಕಿನ ಖಾತೆಯಲ್ಲಿ ಖರ್ಚಿನ ಮಿತಿಯಷ್ಟೇ ಸಿಗುತ್ತದೆ. ಮಾರ್ಚ್ 31ಕ್ಕೆ ಉಳಿದದ್ದು ರದ್ದು. ಸರ್ಕಾರದ ಕಡೆಯಿಂದ ಇದು ನ್ಯಾಯವೇ. ಆದರೆ ಉಪಕರಣ ತಡವಾಗಿ ಬಂದರೆ ಪೆಟ್ಟು ಬೀಳುವುದು ಪ್ರಯೋಗಾಲಯಕ್ಕೆ.

ಇಷ್ಟಾದರೂ ಸೀಟಿನ ಖರ್ಚು ತಿಳಿಯಲಿಲ್ಲ. ಅದಕ್ಕೆ ಪ್ರತಿ ವೋಚರಿನಲ್ಲೂ ನಾಲ್ಕು ಕೋಡ್ ಬೇಕು: ಹಣದ ಮೂಲ, ವಿಭಾಗ, ಕೋರ್ಸ್ ಅಥವಾ ಯೋಜನೆ, ಖರ್ಚಿನ ಬಗೆ. ವಿಭಾಗದ ಕೋಡ್ ಇಲ್ಲದೆ ದಾಖಲಾದ ವೋಚರಿನಿಂದ ಯಾವ ತಂತ್ರಾಂಶವೂ ವಿಭಾಗದ ವರದಿ ತೆಗೆಯಲಾರದು. ಸಂಬಳವನ್ನು ಹಾಜರಿ ಪಟ್ಟಿಯಂತೆ ವಿಭಾಗವಾರು ಒಡೆಯಬಹುದು. ಇಡೀ ಕ್ಯಾಂಪಸ್ಸಿಗೆ ಒಂದೇ ಮೀಟರ್ ಇದ್ದರೆ ವಿದ್ಯುತ್ ಬಿಲ್ಲನ್ನು ಕಟ್ಟಡದ ಚದರ ಅಡಿಯ ಮೇಲೆ, ಗ್ರಂಥಾಲಯದ ಖರ್ಚನ್ನು ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ ಹಂಚಬೇಕು. ಕಷ್ಟದ್ದು ಅಧ್ಯಾಪಕರ ಸಮಯ: ಪಾಠಕ್ಕೆಷ್ಟು, ಸಂಶೋಧನೆಗೆಷ್ಟು? ಬ್ರಿಟನ್ನಿನ ವಿವಿಗಳು ಟ್ರ್ಯಾಕ್ ಎಂಬ ವೆಚ್ಚ ಪದ್ಧತಿಯಲ್ಲಿ ಅಧ್ಯಾಪಕರನ್ನೇ ಕೇಳಿ ಇದನ್ನು ಅಂದಾಜು ಮಾಡುತ್ತವೆ.

ಅವಸರದ ಬೆಲೆಯನ್ನೂ ಬ್ರಿಟನ್ನಿನಲ್ಲೇ ನೋಡಬಹುದು. ಕೇಂಬ್ರಿಜ್ ವಿವಿ 2000ರ ಆಗಸ್ಟ್‌ನಲ್ಲಿ ಕ್ಯಾಪ್ಸಾ ಎಂಬ ಲೆಕ್ಕ ವ್ಯವಸ್ಥೆಗೆ ಬದಲಾಯಿತು. ವಿಭಾಗಗಳು ಬೇಕಾದ ವರದಿ ಸಿಗದೆ ಪರದಾಡಿದವು. 2001ರಲ್ಲಿ ತಂತ್ರಾಂಶ ತಜ್ಞ ಆಂಥನಿ ಫಿಂಕೆಲ್‌ಸ್ಟೀನ್ ಮತ್ತು ವಿವಿ ಆಡಳಿತ ತಜ್ಞ ಮೈಕೆಲ್ ಶಟಾಕ್ ಕೊಟ್ಟ ವರದಿಗಳು ತಂತ್ರಾಂಶದ ಜೊತೆಗೆ ಆಡಳಿತದ ಹೊಣೆಗಾರಿಕೆಯನ್ನೂ ಪ್ರಶ್ನಿಸಿದವು.

ನಮ್ಮಲ್ಲಿ ಹೊಸ ಲೆಕ್ಕ ವ್ಯವಸ್ಥೆಗೆ ಬದಲಾಗುವವರು ಏಪ್ರಿಲ್ 1ನ್ನು ಆರಿಸಿಕೊಳ್ಳಲಿ. ಅದಕ್ಕೂ ಮೊದಲು ತೀರದ ಮುಂಗಡಗಳ ಪಟ್ಟಿಯನ್ನು ಹೆಸರು, ದಿನಾಂಕ ಸಹಿತ ಹಣಕಾಸು ಸಮಿತಿಯ ಮುಂದಿಟ್ಟು, ಆರಂಭಿಕ ಶಿಲ್ಕಿಗೆ ಹಣಕಾಸು ಅಧಿಕಾರಿಯ ಸಹಿ ಪಡೆದಿರಬೇಕು.