ಚೌಪಾಟಿಯಿಂದ ಕ್ಯಾಂಟೀನಿನವರೆಗೆ: ಮುಂಬಯಿ ರಾಜಕಾರಣದ ಬಾಯಿ

2025ರ ಜುಲೈನಲ್ಲಿ ಮುಂಬಯಿಯ ಶಾಸಕರ ನಿವಾಸದ ಕ್ಯಾಂಟೀನಿನಲ್ಲಿ ಹಳಸಿದ ದಾಲ್ ಕೊಟ್ಟರೆಂದು ಶಾಸಕರೊಬ್ಬರು ಅಲ್ಲಿನ ಕೆಲಸಗಾರನಿಗೆ ಹೊಡೆದರು. ವಿಡಿಯೊ ಎಲ್ಲೆಡೆ ಹರಿದಾಡಿತು. ಆದರೆ ಇಲ್ಲಿನ ತುಳು-ಕನ್ನಡಿಗ ಹೋಟೆಲಿನವರ ಕಿವಿ ನೆಟ್ಟಗಾದದ್ದು ಆಮೇಲೆ ಬಂದ ಮಾತಿಗೆ. ಗುತ್ತಿಗೆಯನ್ನು ಶೆಟ್ಟಿಗೆ ಯಾಕೆ ಕೊಟ್ಟಿರಿ, ದಕ್ಷಿಣದವರು ಡ್ಯಾನ್ಸ್ ಬಾರ್ ನಡೆಸಿ ನಮ್ಮ ಸಂಸ್ಕೃತಿ ಕೆಡಿಸಿದರು ಎಂಬರ್ಥದ ಮಾತು ಅದು. ಅದೇ ತಿಂಗಳು ವಿಧಾನಭವನದ ಲಾಬಿಯಲ್ಲಿ ಇಬ್ಬರು ಶಾಸಕರ ಬೆಂಬಲಿಗರು ಕೈಕೈ ಮಿಲಾಯಿಸಿದರು. ಮಹಾರಾಷ್ಟ್ರದ ಸುಸಂಸ್ಕೃತ ರಾಜಕಾರಣ ಎಲ್ಲಿ ಹೋಯಿತು ಎಂದು ಹಳಹಳಿಸುವವರಿಗೆ ಕೊರತೆಯಿರಲಿಲ್ಲ.

ಹಾಗೆ ನೋಡಿದರೆ ಆ ಹಳೆಯ ರಾಜಕಾರಣ ಅಷ್ಟೇನೂ ಮೆತ್ತಗಿರಲಿಲ್ಲ. 1955ರ ನವೆಂಬರಿನಲ್ಲಿ ಚೌಪಾಟಿಯ ಸಭೆಯಲ್ಲಿ ಕಾಂಗ್ರೆಸ್ ಮುಖಂಡರು ಮುಂಬಯಿ ಮಹಾರಾಷ್ಟ್ರಕ್ಕೆ ಸಿಗುವ ಆಸೆ ಬಿಡಿ ಎಂಬಂತೆ ಮಾತಾಡಿದಾಗ ಜನ ಕಲ್ಲು ಚಪ್ಪಲಿ ತೂರಿದರು. ಮರುದಿನವೇ ಫ್ಲೋರಾ ಫೌಂಟನ್ ಬಳಿ ಗೋಲಿಬಾರ್ ಆಯಿತು. ಮುಂಬಯಿ ಸೇರಿದ ಮರಾಠಿ ರಾಜ್ಯ ಬೇಕೆಂದು ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಆ ವರ್ಷಗಳಲ್ಲಿ ಆಚಾರ್ಯ ಅತ್ರೆ ತಮ್ಮ 'ಮರಾಠಾ' ಪತ್ರಿಕೆಯಲ್ಲಿ ಬರೆದದ್ದನ್ನು ಇಂದು ಯಾರಾದರೂ ಬರೆದರೆ ಮಧ್ಯಾಹ್ನದೊಳಗೆ ಠಾಣೆಯಿಂದ ಕರೆ ಬಂದೀತು. ಎದುರಾಳಿಗಳಿಗೆ ಅಡ್ಡಹೆಸರು, ಅಣಕ, ಕೀಟಲೆ, ಒಮ್ಮೊಮ್ಮೆ ತೀರ ಕೀಳೂ. ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಯಶವಂತರಾವ್ ಚವಾಣರಿಗೆ ಮಕ್ಕಳಿಲ್ಲದ್ದನ್ನು ಅತ್ರೆ ಹಂಗಿಸಿದರಂತೆ. 1942ರ ಚಳವಳಿಯಲ್ಲಿ ಪೊಲೀಸರಿಂದ ಚವಾಣರ ಹೆಂಡತಿ ಅನುಭವಿಸಿದ ಹಿಂಸೆಯೇ ಅದಕ್ಕೆ ಕಾರಣವೆಂದು ತಿಳಿದಾಗ ಮನೆಗೇ ಹೋಗಿ ಕ್ಷಮೆ ಕೇಳಿದರಂತೆ. ಮರಾಠಿಗರು ಇಂದಿಗೂ ಈ ಕಥೆ ಹೇಳುತ್ತಾರೆ. ಕಥೆಗೆ ಬಣ್ಣ ಎಷ್ಟು ಸೇರಿದೆಯೋ, ಜನ ಅದನ್ನು ಬಿಟ್ಟುಕೊಟ್ಟಿಲ್ಲ. ನೆಹರೂ ಅವರನ್ನು ವರ್ಷಗಟ್ಟಲೆ ಜಾಲಾಡಿದ ಅದೇ ಅತ್ರೆ 1964ರಲ್ಲಿ ಅವರು ತೀರಿಕೊಂಡಾಗ ಲೇಖನದ ಮೇಲೆ ಲೇಖನ ಬರೆದು ಅತ್ತರು.

ಅಂದಿನ ಬೈಗುಳ ಬೀಳುತ್ತಿದ್ದದ್ದು ಕುರ್ಚಿಯಲ್ಲಿದ್ದವರ ಮೇಲೆ. ಬೈಸಿಕೊಂಡವರಿಗೂ ಪತ್ರಿಕೆಯಿತ್ತು, ವೇದಿಕೆಯಿತ್ತು, ಮರುದಿನ ಉತ್ತರ ಬರುತ್ತಿತ್ತು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯನ್ನು ಆಳಿದ್ದ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿದ ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನವರು. 1949ರಲ್ಲಿ ಬರಿಗೈಲಿ ಮುಂಬಯಿಗೆ ಬಂದು, ಚೌಪಾಟಿಯ ಬೆಂಚುಗಳ ಮೇಲೆ ಮಲಗಿ, ಹೋಟೆಲು, ಟ್ಯಾಕ್ಸಿ, ಪಾಲಿಕೆ ಕಾರ್ಮಿಕರ ನಾಯಕರಾದವರು. ಅವರ ನಾಲಿಗೆಯೂ ಹರಿತವೇ. ಆದರೆ ಅದು ಮೇಲಕ್ಕೆ ಗುರಿಯಿಟ್ಟ ನಾಲಿಗೆ.

ದಿಕ್ಕು ಬದಲಾದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ. 1960ರಲ್ಲಿ ರಾಜ್ಯವಾಯಿತು, ಕೆಲಸ ಮಾತ್ರ ಸಿಗಲಿಲ್ಲ. ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಬಂದ ದಕ್ಷಿಣದ ಹುಡುಗರು ಫೋರ್ಟಿನ ಕಚೇರಿಗಳಲ್ಲಿ ಕೂತಿದ್ದರು. ಓದಿದ ಮರಾಠಿ ಹುಡುಗರ ಸಂಕಟ ಸುಳ್ಳಲ್ಲ. ಇದನ್ನು ಒಪ್ಪದ ಮುಂಬಯಿ ಕನ್ನಡಿಗ ಅರ್ಧ ಇತಿಹಾಸ ಮಾತ್ರ ಓದಿದವನು. ಆ ಸಂಕಟವನ್ನು ಬಾಳ್ ಠಾಕ್ರೆಯವರ 'ಮಾರ್ಮಿಕ್' ವ್ಯಂಗ್ಯಚಿತ್ರ ವಾರಪತ್ರಿಕೆ ಹೆಸರುಗಳ ಪಟ್ಟಿಯಾಗಿ ಅಚ್ಚು ಹಾಕಿತು. ಯಾವ ಕಂಪನಿಯಲ್ಲಿ ಎಷ್ಟು ಮಂದಿ ದಕ್ಷಿಣದವರು, ಯಾರ್ಯಾರು ಎಂದು. 1966ರ ಜೂನಿನಲ್ಲಿ ಠಾಕ್ರೆಯವರ ಶಿವಸೇನೆ ಹುಟ್ಟಿತು, ಅಕ್ಟೋಬರಿನಲ್ಲಿ ಶಿವಾಜಿ ಪಾರ್ಕ್ ತುಂಬಿತು. 'ಹಟಾವೋ ಲುಂಗಿ, ಬಜಾವೋ ಪುಂಗಿ' ಎಂಬ ಘೋಷಣೆ ಕೇಳಿದವರಿಗೆ ನಗು ಬರುವಷ್ಟು ಚಂದದ ಪ್ರಾಸ. ಕಲ್ಲು ಬಿದ್ದದ್ದು ಉಡುಪಿ ಹೋಟೆಲುಗಳ ಗಾಜಿಗೆ. ಹಗಲು ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಹುಡುಗನಿಗೆ ಪತ್ರಿಕೆಯೂ ಇರಲಿಲ್ಲ, ಮೈದಾನವೂ ಇರಲಿಲ್ಲ. ಅವನು ತಮಿಳನೋ ತುಳುವನೋ ಎಂದು ಕೇಳುವ ಗೋಜಿಗೂ ಯಾರೂ ಹೋಗಲಿಲ್ಲ. ಎಲ್ಲರೂ 'ಮದ್ರಾಸಿ', ಆಡುವುದೆಲ್ಲ 'ಯಂಡುಗುಂಡು'.

ಮುಂದಿನ ಸುಮಾರು ಅರವತ್ತು ವರ್ಷಗಳಲ್ಲಿ ಗುರಿ ಬದಲಾಗುತ್ತಾ ಹೋಯಿತು: ಕಮ್ಯುನಿಸ್ಟರು, ಮುಸ್ಲಿಮರು, 2008ರಲ್ಲಿ ಉತ್ತರ ಭಾರತದ ಟ್ಯಾಕ್ಸಿಯವರು, 2025ರಲ್ಲಿ ಹಿಂದಿ ಆಡುವ ಅಂಗಡಿಯವರು. ಶಿವಸೇನೆ ಒಡೆದ ಮೇಲೆ 2022ರಲ್ಲಿ ವಿಧಾನಭವನದ ಮೆಟ್ಟಿಲಲ್ಲಿ 'ಪನ್ನಾಸ್ ಖೋಕೆ, ಏಕದಮ್ ಓಕೆ' (ಐವತ್ತು ಕೋಟಿ ಸಿಕ್ಕರೆ ಎಲ್ಲ ಸರಿ) ಎಂದು ಪಕ್ಷಾಂತರಿಗಳನ್ನು ಚುಚ್ಚುವ ಕೂಗೆದ್ದಾಗ ನನಗೆ ನಿಜವಾಗಿ ಸಮಾಧಾನವೇ ಆಯಿತು. ಒರಟು ಮಾತೇ ಸರಿ, ಬಿದ್ದದ್ದಾದರೂ ಶಾಸಕರ ಮೇಲೆ. ಅದೇ ವರ್ಷದ ಕೊನೆಗೆ ಗಡಿ ಜಗಳ ಕೆರಳಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ. ನಮ್ಮ ಕಡೆಯ ಬಾಯಿಯೇನೂ ಕಡಿಮೆಯಿಲ್ಲ. ಅಲ್ಲಿ ಆಡಿದ್ದಕ್ಕೆ ಇಲ್ಲಿನವರು ಶಟರ್ ಎಳೆಯಬೇಕು, ಅಷ್ಟೇ ವ್ಯತ್ಯಾಸ.

ಕಾನೂನು ಇಲ್ಲವೇ? ಇದೆ. ಖಾಸಗಿ ಬದುಕನ್ನು ಎಳೆದು ಟೀಕಿಸಬಾರದೆಂದು ಚುನಾವಣಾ ನೀತಿ ಸಂಹಿತೆ ಹೇಳುತ್ತದೆ. 1987ರ ವಿಲೆ ಪಾರ್ಲೆ ಉಪಚುನಾವಣೆಯಲ್ಲಿ ಧರ್ಮದ ಹೆಸರಲ್ಲಿ ಮತ ಕೇಳಿದ್ದಕ್ಕೆ ಶಿವಸೇನೆ ಬೆಂಬಲಿತ ಅಭ್ಯರ್ಥಿಯ ಗೆಲುವೇ ರದ್ದಾಯಿತು. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1995ರಲ್ಲಿ. 2012ರಲ್ಲಿ ಪಾಲ್ಘರಿನ ಇಬ್ಬರು ಹುಡುಗಿಯರು ಠಾಕ್ರೆ ತೀರಿಕೊಂಡಾಗಿನ ಮುಂಬಯಿ ಬಂದ್ ಕುರಿತ ಒಂದು ಫೇಸ್‌ಬುಕ್ ಸಾಲಿಗಾಗಿ ಬಂಧನಕ್ಕೊಳಗಾದರು. ಆ ಪ್ರಕರಣದ ಬೆನ್ನಲ್ಲೇ ಹೂಡಿದ ದಾವೆಯಲ್ಲಿ ಆನ್‌ಲೈನ್ ಬರಹಕ್ಕೆ ಜೈಲಿಗೆ ಕಳಿಸಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಂ 2015ರಲ್ಲಿ ಬಿದ್ದುಹೋಯಿತು. ಹುಡುಗಿಯರ ಮನೆಗೆ ಪೊಲೀಸರು ಹೋದ ವೇಗ ಬೇರೆ ಕಡೆ ಕಾಣುವುದಿಲ್ಲ.

ಭಾಷೆ, ಧರ್ಮ, ಹುಟ್ಟೂರಿನ ಹೆಸರಲ್ಲಿ ದ್ವೇಷ ಬಿತ್ತುವುದು ಹಿಂದಿನ ದಂಡಸಂಹಿತೆಯ 153ಎ ಪ್ರಕಾರ ಅಪರಾಧ. ಈಗ ಅದು ನ್ಯಾಯ ಸಂಹಿತೆಯ 196ನೇ ಕಲಂ. ಆದರೆ ಮೊಕದ್ದಮೆ ನಡೆಯಬೇಕಾದರೆ ಸರ್ಕಾರದ ಅನುಮತಿ ಬೇಕು, ಅಂದರೆ ಕಡತ ರಾಜಕಾರಣಿಗಳ ಮೇಜಿಗೇ ಹೋಗಬೇಕು. 1993ರ ಜನವರಿಯ ಗಲಭೆ ದಿನಗಳಲ್ಲಿ ಶಿವಸೇನೆಯ 'ಸಾಮ್ನಾ' ಪತ್ರಿಕೆಯಲ್ಲಿ ಬಂದ ಸಂಪಾದಕೀಯಗಳ ಮೇಲೆ ಕ್ರಮ ಜರುಗಿಸಲು ಆ ಅನುಮತಿ ಸಿಕ್ಕಿದ್ದು 2000ದಲ್ಲಿ. ಕಾಲಮಿತಿ ಮೀರಿದೆ ಎಂದು ಮ್ಯಾಜಿಸ್ಟ್ರೇಟ್ ಆ ಮೊಕದ್ದಮೆಯನ್ನು ಠಾಕ್ರೆಯವರ ಬಂಧನದ ದಿನವೇ ಕೈಬಿಟ್ಟರು.